ಪ್ರಸಾದವೂ ಪ್ರಮಾಣವೂ

(ದೋರನಹಳ್ಳಿಯಲ್ಲಿ ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಇಂದಿನ ವಿಷಯವನ್ನು ಕೇಳಿ ನಿಮ್ಮಲ್ಲಿ ಕೆಲವರು ಒಳಗೊಳಗೇ ನಗಬಹುದು. ಮಠದ ಪ್ರವಚನದಲ್ಲಿ ಆತ್ಮವಿಚಾರ, ಲಿಂಗಾಂಗ ಸಾಮರಸ್ಯ, ಶರಣರ ಚರಿತ್ರೆ ಇವುಗಳನ್ನು ಕೇಳಲು ಬಂದವರ ಮುಂದೆ ನಾವಿಂದು ರೊಟ್ಟಿ, ಅನ್ನ, ಎಣ್ಣೆ, ಚಹಾ ಇವುಗಳ ಲೆಕ್ಕವನ್ನು ಬಿಚ್ಚಲಿದ್ದೇವೆ. ಇದು ವೈದ್ಯರ ಕೆಲಸವಲ್ಲವೇ ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟೇ: ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು, ಷಟ್‌ಸ್ಥಲಗಳಲ್ಲಿ ಮೂರನೆಯದೇ ಪ್ರಸಾದಿಸ್ಥಲ. ಉಣ್ಣುವುದನ್ನು ಧರ್ಮದ ಹೊರಗಿಟ್ಟವರು ನಾವಲ್ಲ. ಕಾಯವನ್ನು ತಿರಸ್ಕರಿಸಿ ಮುಕ್ತಿಯನ್ನು ಹುಡುಕಿದವರೂ ನಾವಲ್ಲ. ಇಷ್ಟಲಿಂಗವನ್ನು ಧರಿಸುವುದು ಈ ದೇಹದ ಮೇಲೆಯೇ. ಲಿಂಗಕ್ಕೆ ಆಶ್ರಯವಾದ ಈ ದೇಹವು ನಲವತ್ತೈದನೆಯ ವಯಸ್ಸಿಗೇ ಮೆಟ್ಟಿಲು ಹತ್ತಲಾರದೆ ಏದುಸಿರು ಬಿಡುತ್ತಿದ್ದರೆ, ಅದರ ಕಾರಣವನ್ನು ವಿಚಾರಿಸುವುದು ಗುರುಪೀಠಕ್ಕೂ ಸಂಬಂಧಪಟ್ಟ ಸಂಗತಿಯೇ.

ನಮ್ಮ ಬಾಲ್ಯದಲ್ಲಿ ಈ ಭಾಗದ ಹಳ್ಳಿಗಳಲ್ಲಿ ಹೊಟ್ಟೆ ಬಂದವನೆಂದರೆ ಸಾಹುಕಾರ. ದಪ್ಪನಾದವನನ್ನು ಕಂಡು 'ಉಂಡುಟ್ಟು ಸುಖವಾಗಿದ್ದಾನೆ' ಎನ್ನುತ್ತಿದ್ದರು. ಬರಗಾಲವನ್ನು ಕಂಡ ಸೀಮೆ ಇದು. ಹಾಗೆ ಎಣಿಸಿದ್ದು ಸಹಜ. ಈಗ ಆ ಮಾತು ತಿರುಗಿ ನಿಂತಿದೆ. ದರ್ಶನಕ್ಕೆ ಬರುವ ಹತ್ತು ಮಂದಿಯಲ್ಲಿ ಇಬ್ಬರಾದರೂ ಬಿಪಿಯ ಗುಳಿಗೆ, ಸಕ್ಕರೆ ಕಾಯಿಲೆಯ ಗುಳಿಗೆ ಎನ್ನುತ್ತಾರೆ. ಅವರಲ್ಲಿ ಸಾಹುಕಾರರು ಕಡಿಮೆ. ಎರಡೆಕರೆ ಹೊಲದವರು, ಆಟೋ ನಡೆಸುವವರು, ಶಾಲೆಯ ಗುರುಗಳು, ಕಿರಾಣಿ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂಡುವವರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ನೂರು ಸ್ತ್ರೀಯರಲ್ಲಿ ಮೂವತ್ತು ಮಂದಿ, ಪುರುಷರಲ್ಲಿಯೂ ಹತ್ತಿರ ಹತ್ತಿರ ಅಷ್ಟೇ ಮಂದಿ ತೂಕ ಮೀರಿದವರು. ಅದಕ್ಕೂ ಹಿಂದಿನ 2015–16ರ ಸಮೀಕ್ಷೆಯಲ್ಲಿ ಇದು ಇಪ್ಪತ್ತಮೂರು, ಇಪ್ಪತ್ತೆರಡರ ಆಸುಪಾಸಿನಲ್ಲಿತ್ತು. ಇನ್ನು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ದೇಶದಲ್ಲಿ 10 ಕೋಟಿಗೂ ಮಿಕ್ಕಿದ ಮಧುಮೇಹಿಗಳಿದ್ದಾರೆಂದೂ, 13 ಕೋಟಿಗೂ ಮಿಕ್ಕಿದ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆಂದೂ ಹೇಳಿತು. ಹೊಸ್ತಿಲಲ್ಲಿ ನಿಂತವನು ಒಳಗೆ ಹೋಗಲೂಬಹುದು, ಹಿಂದಕ್ಕೆ ತಿರುಗಲೂಬಹುದು. ಅಂಥವರ ಸಲುವಾಗಿಯೇ ನಮ್ಮ ಇಂದಿನ ಮಾತು.

ಏನು ಬದಲಾಯಿತು? ಜನ ಒಮ್ಮೆಲೇ ಹೊಟ್ಟೆಬಾಕರಾದರೆಂದು ನಾವು ನಂಬುವುದಿಲ್ಲ. ನಿಮ್ಮ ಮುತ್ಯಾಂದಿರು ನಿಮಗಿಂತ ಹೆಚ್ಚು ರೊಟ್ಟಿ ತಿಂದವರು. ನಾಲ್ಕು ರೊಟ್ಟಿ, ಅದರ ಮೇಲೆ ನುಚ್ಚು, ಮಜ್ಜಿಗೆ. ಆದರೆ ಅವರು ನಸುಕಿನಲ್ಲೆದ್ದು ಗಳೆ ಹೂಡಿ ಎತ್ತಿನ ಹಿಂದೆ ದಿನವೆಲ್ಲ ನಡೆದವರು. ಅವ್ವಂದಿರು ಬೀಸುವ ಕಲ್ಲಿನಲ್ಲಿ ಜೋಳ ಬೀಸಿ, ಬಾವಿಯಿಂದ ನೀರು ಹೊತ್ತು, ಹೊಲದಲ್ಲಿ ಕಳೆ ತೆಗೆದು ಬಂದು ಒಲೆ ಊದಿದವರು. ಈಗ ಟ್ರ್ಯಾಕ್ಟರ್ ಬಂದಿದೆ, ರಾಶಿಗೆ ಯಂತ್ರ ಬಂದಿದೆ, ಗಿರಣಿ ಬಂದಿದೆ, ಮನೆಯ ಮುಂದೆ ನಳ ಬಂದಿದೆ, ಅಗಸಿಯಿಂದ ಬಸ್‌ಸ್ಟ್ಯಾಂಡಿಗೆ ಹೋಗಲೂ ಮೋಟಾರ್ ಸೈಕಲ್ ಬಂದಿದೆ. ಇವು ಬರಬಾರದಿತ್ತೆಂದು ನಾವು ಹೇಳುವುದಿಲ್ಲ. ನೀರು ಹೊತ್ತು ಸೊಂಟ ಮುರಿದುಕೊಂಡ ತಾಯಂದಿರನ್ನು ನಾವು ಕಂಡಿದ್ದೇವೆ. ದುಡಿಮೆ ಯಂತ್ರಕ್ಕೆ ಹೋಯಿತು. ಊಟದ ಎಡೆ ಮಾತ್ರ ಹಿಂದಿನಷ್ಟೇ ಉಳಿಯಿತು. 'ಕಾಯಕ' ಎಂಬ ಶಬ್ದದಲ್ಲಿಯೇ 'ಕಾಯ' ಇದೆ ಎಂಬುದನ್ನು ನಾವು ಮರೆತೆವು.

ಇದಕ್ಕೆ ಲೆಕ್ಕವೂ ಉಂಟು. ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಎಂಬುದೊಂದಿದೆ. 1918ರಲ್ಲಿ ಕೂನೂರಿನಲ್ಲಿ ಪ್ರಾರಂಭವಾಗಿ 1958ರಲ್ಲಿ ಹೈದರಾಬಾದಿಗೆ ಬಂದ ಸಂಸ್ಥೆ ಅದು. ಅಲ್ಲಿಯ ಪಂಡಿತರು 2020ರಲ್ಲಿ ಕೊಟ್ಟ ಪ್ರಮಾಣದಂತೆ 65 ಕಿಲೋ ತೂಕದ ಪುರುಷ ಕುಳಿತು ಮಾಡುವ ಉದ್ಯೋಗದವನಾದರೆ ದಿನಕ್ಕೆ 2110 ಕ್ಯಾಲರಿ ಸಾಕು. ಕಠಿಣ ದುಡಿಮೆಯವನಾದರೆ 3470 ಬೇಕು. 55 ಕಿಲೋ ತೂಕದ ಸ್ತ್ರೀಗೆ ಕುಳಿತ ಕೆಲಸವಾದರೆ 1660, ಕಠಿಣ ದುಡಿಮೆಯಾದರೆ 2720. ಪುರುಷನಲ್ಲಿ ಅಂತರ ನೋಡಿರಿ, 1360. ಅದು ಒಂದು ಹೊತ್ತಿನ ಊಟವನ್ನೂ ಮೀರುತ್ತದೆ. ದುಡಿಯುವವನ ಊಟವನ್ನು ಕುಳಿತವನು ಉಂಡರೆ ಮಿಕ್ಕಿದ್ದು ಎಲ್ಲಿಗೆ ಹೋಗಬೇಕು? ದೇಹವು ಬಲು ಜಿಪುಣ ಕಣಜಿಗ. ಬಂದದ್ದನ್ನು ಬಿಸಾಡುವುದಿಲ್ಲ, ಮೇದಸ್ಸನ್ನು ಮಾಡಿ ಹಗೇವಿನಲ್ಲಿ ತುಂಬುತ್ತದೆ. ಆ ಹಗೇವೇ ನಮ್ಮ ಹೊಟ್ಟೆ.

ಈ 'ಕ್ಯಾಲರಿ' ಎಂಬುದೇನು? ನಮ್ಮ ಪಾಠಶಾಲೆಯಲ್ಲಿ ಈ ಶಬ್ದವನ್ನು ನಾವು ಓದಿದ್ದಿಲ್ಲ. ತರ್ಕ, ವ್ಯಾಕರಣ, ಆಗಮಗಳ ನಡುವೆ ಅದಕ್ಕೆ ಅವಕಾಶವೂ ಇರಲಿಲ್ಲ. ಅನಂತರ ವಿಚಾರಿಸಿದಾಗ ನಮಗೆ ವಿಸ್ಮಯವೇ ಆಯಿತು. ಅದು ಲ್ಯಾಟಿನ್ ಭಾಷೆಯಲ್ಲಿ 'ಶಾಖ' ಎಂಬ ಅರ್ಥವುಳ್ಳ ಪದದಿಂದ ಬಂದದ್ದು. ಆಹಾರದ ಲೆಕ್ಕದಲ್ಲಿ ಒಂದು ಕ್ಯಾಲರಿ ಎಂದರೆ ಒಂದು ಲೀಟರ್ ನೀರನ್ನು ಒಂದು ಡಿಗ್ರಿಯಷ್ಟು ಬಿಸಿ ಮಾಡುವ ಶಾಖ. ನೀವು ಒಂದು ದಿನ ಉಣ್ಣುವ ಎರಡು ಸಾವಿರ ಕ್ಯಾಲರಿಯ ಅನ್ನದಲ್ಲಿ ಸುಮಾರು ಇಪ್ಪತ್ತಾರು ಲೀಟರ್, ಅಂದರೆ ಎರಡು ಕೊಡ ತಣ್ಣೀರನ್ನು ಕುದಿಯುವ ಹದಕ್ಕೆ ತರುವಷ್ಟು ಶಾಖವಿದೆ! ನಮ್ಮ ಪೂರ್ವಸೂರಿಗಳು ಇದನ್ನೇ ಬೇರೆ ಭಾಷೆಯಲ್ಲಿ ಕಂಡರು. ಪ್ರಾಣಿಗಳ ಒಡಲಲ್ಲಿ ವೈಶ್ವಾನರನೆಂಬ ಅಗ್ನಿಯಾಗಿ ಕುಳಿತು ಭಗವಂತನೇ ಅನ್ನವನ್ನು ಪಚನ ಮಾಡುತ್ತಾನೆಂದು ಗೀತೆ ಹೇಳಿತು. ಆಯುರ್ವೇದವು ಜಠರಾಗ್ನಿ ಎಂದಿತು. ಹಾಗೆಂದು ಈಗಿನ ವಿಜ್ಞಾನವೆಲ್ಲ ನಮ್ಮ ಗ್ರಂಥಗಳಲ್ಲಿ ಮೊದಲೇ ಇತ್ತೆಂದು ಎದೆ ತಟ್ಟಿಕೊಳ್ಳುವವರ ಪಂಕ್ತಿಯಲ್ಲಿ ನಾವು ಕೂಡುವುದಿಲ್ಲ. ಅವರು ಅಗ್ನಿಯನ್ನು ಕಂಡರು, ಇವರು ಅದನ್ನು ಅಳೆದರು. ಅಳೆದದ್ದೂ ದೊಡ್ಡ ಕೆಲಸವೇ.

ಅಳತೆಯ ಸೂತ್ರ ಬಲು ಸರಳ. ಹಿಟ್ಟು ಸಕ್ಕರೆಯ ಜಾತಿಯ ಪದಾರ್ಥ ಒಂದು ಗ್ರಾಮಿಗೆ 4 ಕ್ಯಾಲರಿ. ಬೇಳೆಕಾಳುಗಳಲ್ಲಿರುವ ಸಸಾರಜನಕಕ್ಕೂ 4. ಎಣ್ಣೆ ತುಪ್ಪಗಳ ಜಿಡ್ಡಿಗೆ 9. ಈ ಒಂಬತ್ತನ್ನು ತಾಯಂದಿರು ನೆನಪಿನಲ್ಲಿಡತಕ್ಕದ್ದು, ಯಾತಕ್ಕೆಂದರೆ ಅಡಿಗೆಮನೆಯ ಗುಟ್ಟೆಲ್ಲ ಅದರಲ್ಲಿದೆ.

ಈಗ ನಮ್ಮ ಎಡೆಗೇ ಬರೋಣ. ಅರವತ್ತು ಗ್ರಾಂ ಹಿಟ್ಟಿನಲ್ಲಿ ಬಡಿದ ಒಂದು ಜೋಳದ ರೊಟ್ಟಿ ಇನ್ನೂರು ಕ್ಯಾಲರಿ. ಅದಕ್ಕೆ ಎಣ್ಣೆ ಸೋಕಿಲ್ಲ. ನೀರು ಹಚ್ಚಿ ಸುಟ್ಟದ್ದು. ಜೊತೆಗೆ ಪುಂಡಿ ಪಲ್ಯ, ಹಸಿ ಉಳ್ಳಾಗಡ್ಡಿ, ಒಂದು ಸೌಟು ತೊಗರಿ ಬೇಳೆ, ಮಜ್ಜಿಗೆ. ಎರಡು ರೊಟ್ಟಿಯ ಈ ಊಟ ಆರುನೂರರ ಸುತ್ತಮುತ್ತ ನಿಲ್ಲುತ್ತದೆ, ಹೊಟ್ಟೆಯೂ ತುಂಬುತ್ತದೆ. ಇದಕ್ಕಿಂತ ಒಳ್ಳೆಯ ಊಟವನ್ನು ಯಾವ ದೊಡ್ಡ ಆಸ್ಪತ್ರೆಯೂ ಬರೆದುಕೊಡಲಾರದು.

ಇಲ್ಲೊಂದು ತಪ್ಪು ತಿಳುವಳಿಕೆಯನ್ನು ಬಿಡಿಸಬೇಕಾಗಿದೆ. 'ಅನ್ನ ಬಿಟ್ಟು ರೊಟ್ಟಿ ತಿಂದರೆ ಸಣ್ಣಗಾಗುತ್ತಾರೆ' ಎಂದು ಹಲವರು ನಂಬಿದ್ದಾರೆ. ನೂರು ಗ್ರಾಂ ಅಕ್ಕಿಗೂ ನೂರು ಗ್ರಾಂ ಜೋಳಕ್ಕೂ ಕ್ಯಾಲರಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ. ಎರಡೂ ಮುನ್ನೂರೈವತ್ತರ ಆಸುಪಾಸು. ವ್ಯತ್ಯಾಸವಿರುವುದು ನಾರಿನಲ್ಲಿ. ಜೋಳದಲ್ಲಿ ನೂರಕ್ಕೆ ಸುಮಾರು ಹತ್ತು ಗ್ರಾಂ ನಾರು, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರರಷ್ಟೂ ಇಲ್ಲ. ಆದುದರಿಂದ ರೊಟ್ಟಿಯನ್ನು ಅಗಿದು ತಿನ್ನಬೇಕಾಗುತ್ತದೆ, ಎರಡಕ್ಕೆ ಸಾಕೆನಿಸುತ್ತದೆ, ಬೇಗ ಹಸಿವಾಗುವುದಿಲ್ಲ. ಸಾರು ಕಲಸಿದ ಅನ್ನವು ನುಂಗಿದಲ್ಲಿಗೆ ಇಳಿದುಹೋಗುತ್ತದೆ. ಮೂರನೆಯ ಸಲ ಬಡಿಸಿಕೊಂಡದ್ದು ನೆನಪಿನಲ್ಲಿರುವುದಿಲ್ಲ. ರೊಟ್ಟಿ ಎಂದು ಆರು ರೊಟ್ಟಿ ತಿಂದರೆ ಅದೂ ಸಾವಿರದಿನ್ನೂರು ಕ್ಯಾಲರಿ. ಧಾನ್ಯಕ್ಕೆ ಪುಣ್ಯಪಾಪಗಳನ್ನು ಹಚ್ಚಬೇಡಿರಿ.

ಒಂದು ಕಾಲಕ್ಕೆ ಈ ಶಹಾಪುರ, ಸುರಪುರ ಸೀಮೆಯಲ್ಲಿ ಅಕ್ಕಿಯ ಅನ್ನವೆಂಬುದು ಹಬ್ಬಕ್ಕೆ, ಬೀಗರು ಬಂದಾಗ ಮಾತ್ರ. 1980ರ ದಶಕದಿಂದ ನಾರಾಯಣಪುರದ ಕಾಲುವೆಯ ನೀರು ಹರಿದು ಜೋಳದ ಎರೆಹೊಲಗಳು ಭತ್ತದ ಗದ್ದೆಗಳಾದವು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಬಡವರ ಮನೆಯ ಒಲೆ ಆರಲಿಲ್ಲ. ಇದನ್ನು ಹಳಿಯುವವರನ್ನು ನಾವು ಒಪ್ಪುವುದಿಲ್ಲ. ಹಸಿವನ್ನು ಕಾಣದವರು ಮಾತ್ರ ಆ ಅಕ್ಕಿಯನ್ನು ಹಳಿಯಬಲ್ಲರು. ಆದರೆ ಜೋಳದ ಜಾಗಕ್ಕೆ ಅಕ್ಕಿ ಬಂದು ಕುಳಿತದ್ದಂತೂ ನಿಜ. ತಮಾಷೆಯೆಂದರೆ, 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಪಟ್ಟಣದವರು ನಮ್ಮ ಜೋಳ, ಸಜ್ಜೆಗಳನ್ನು ಚಂದದ ಪೊಟ್ಟಣಗಳಲ್ಲಿ ದುಬಾರಿ ಬೆಲೆಗೆ ಕೊಂಡು ತಿನ್ನುತ್ತಿದ್ದಾರೆ. ನಮ್ಮ ಮಕ್ಕಳು ಐದು ರೂಪಾಯಿಯ ಕುರುಕುಲು ಪಾಕೀಟಿಗೆ ಅಂಗಡಿಯ ಮುಂದೆ ಅಳುತ್ತಿದ್ದಾರೆ.

ಎಣ್ಣೆಯ ಮಾತು. ಊಟದ ಒಂದು ದೊಡ್ಡ ಚಮಚೆಯಲ್ಲಿ ಹದಿಮೂರು ಹದಿನಾಲ್ಕು ಗ್ರಾಂ ಎಣ್ಣೆ ಹಿಡಿಯುತ್ತದೆ; ಒಂಬತ್ತರಿಂದ ಗುಣಿಸಿರಿ, ನೂರಾ ಇಪ್ಪತ್ತು ಕ್ಯಾಲರಿ. ಅರ್ಧ ರೊಟ್ಟಿಗಿಂತ ಹೆಚ್ಚಾಯಿತು. ರೊಟ್ಟಿಯಾದರೆ ಕಣ್ಣಿಗೆ ಕಾಣುತ್ತದೆ. ಎಣ್ಣೆ ಪಲ್ಯದಲ್ಲಿ ಅಡಗಿ ಬರುವ ಅತಿಥಿ. ಸಂಜೆ ಕ್ರಾಸಿನಲ್ಲಿ ನಿಂತು ಮಂಡಕ್ಕಿಯ ಜೊತೆ ನಾಲ್ಕು ಮಿರ್ಚಿ ಭಜಿ ತಿಂದು, 'ಅಪ್ಪಾರ, ನಾ ಊಟಾನೇ ಮಾಡಂಗಿಲ್ರಿ, ರಾತ್ರಿ ಒಂದೇ ರೊಟ್ಟಿ' ಎನ್ನುವವರಿದ್ದಾರೆ. ಆ ಭಜಿಗಳು ಎಣ್ಣೆ ಹೀರಿದ ಕಡಲೆಹಿಟ್ಟು. ಊಟ ಆಗಲೇ ಮುಗಿದುಹೋಗಿದೆ, ಅವರಿಗೆ ಗೊತ್ತಾಗಿಲ್ಲ ಅಷ್ಟೇ. ತಾಯಂದಿರಿಗೆ ಒಂದು ಉಪಾಯ ಹೇಳುತ್ತೇವೆ. ಒಬ್ಬರಿಗೆ ದಿನಕ್ಕೆ ಇಪ್ಪತ್ತೈದು ಗ್ರಾಂ ಎಂದು ಹಿಡಿದರೆ ಐದು ಜನರ ಮನೆಗೆ ತಿಂಗಳಿಗೆ ನಾಲ್ಕು ಕಿಲೋದ ಒಳಗೇ ಎಣ್ಣೆ ಸಾಕು. ನಿಮ್ಮ ಮನೆಗೆ ಎಷ್ಟು ಬರುತ್ತಿದೆ, ಸಂತೆಯ ಚೀಟಿ ನೋಡಿರಿ. ಎಂಟು ಬರುತ್ತಿದ್ದರೆ ಒಮ್ಮೆಲೇ ನಾಲ್ಕಕ್ಕೆ ಇಳಿಸಬೇಡಿರಿ, ಮನೆಯಲ್ಲಿ ಜಗಳವಾದೀತು. ತಿಂಗಳಿಗೆ ಅರ್ಧ ಕಿಲೋದಂತೆ ಇಳಿಸಿರಿ, ಉಣ್ಣುವವರಿಗೆ ತಿಳಿಯುವುದೇ ಇಲ್ಲ. ಶೇಂಗಾ ಚಟ್ನಿ, ಗುರೆಳ್ಳು, ಅಗಸಿಯ ಚಟ್ನಿಗಳು ಉತ್ತಮವಾದವೇ. ಆದರೆ ಒಂದು ಹಿಡಿ ಶೇಂಗಾದಲ್ಲಿ ನೂರಾ ಎಪ್ಪತ್ತು ಕ್ಯಾಲರಿ ಇದೆಯೆಂಬುದು ತಿಳಿದಿರಲಿ. ಚಟ್ನಿಯನ್ನು ಚಟ್ನಿಯಂತೆ ತಿನ್ನತಕ್ಕದ್ದು, ಪಲ್ಯದಂತಲ್ಲ.

ಚಹಾದ್ದು ಇನ್ನೂ ಸೂಕ್ಷ್ಮ. ಎರಡು ಚಮಚೆ ಸಕ್ಕರೆಯ ಕಪ್ಪಿನಲ್ಲಿ ಸಕ್ಕರೆಯದ್ದೇ ನಲವತ್ತು ಕ್ಯಾಲರಿ. ದಿನಕ್ಕೆ ಆರು ಕಪ್ಪು ಕುಡಿಯುವವರು ಇಲ್ಲಿ ಎಷ್ಟು ಜನರಿದ್ದೀರಿ? ಕೈಯೆತ್ತುವುದು ಬೇಡ. ಇನ್ನೂರಾ ನಲವತ್ತು ಕ್ಯಾಲರಿ, ಒಂದು ರೊಟ್ಟಿಯನ್ನು ಮೀರಿತು. ಹೊಟ್ಟೆ ಮಾತ್ರ ತುಂಬಲಿಲ್ಲ. ಸಕ್ಕರೆ ಅರವತ್ತು ಗ್ರಾಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹೇಳಿದ ಉತ್ತಮ ಮಿತಿ, ಒಟ್ಟು ಶಕ್ತಿಯ ನೂರಕ್ಕೆ ಐದು, ಅಂದರೆ ಸುಮಾರು ಇಪ್ಪತ್ತೈದು ಗ್ರಾಂ. ಸಕ್ಕರೆಯ ಬದಲು ಬೆಲ್ಲ ಹಾಕಿಕೊಂಡೆವೆಂದು ಸಮಾಧಾನಪಡುವವರೂ ಇದ್ದಾರೆ. ಬೆಲ್ಲಕ್ಕೂ ಸಕ್ಕರೆಗೂ ಈ ಲೆಕ್ಕದಲ್ಲಿ ಅಣ್ಣತಮ್ಮಂದಿರ ಸಂಬಂಧ.

ದಿನಕ್ಕೆ ನೂರು ಕ್ಯಾಲರಿ ಹೆಚ್ಚಾದರೆ ಏನಾದೀತೆಂದು ಕೇಳಬಹುದು. ಒಂದು ಕಿಲೋ ಕೊಬ್ಬೆಂದರೆ ಸುಮಾರು 7700 ಕ್ಯಾಲರಿ. ನೂರರಂತೆ ವರ್ಷಕ್ಕೆ 36,500 ಆಯಿತು. ಬರೀ ಭಾಗಾಕಾರ ಮಾಡಿದರೆ ನಾಲ್ಕೂವರೆ ಕಿಲೋ ಮೀರುತ್ತದೆ. ದೇಹ ಹೊಂದಿಕೊಳ್ಳುವುದರಿಂದ ವಾಸ್ತವದಲ್ಲಿ ಅಷ್ಟು ಬರುವುದಿಲ್ಲ. ಆದರೂ ಮದುವೆಯಲ್ಲಿ ಹೊಲಿಸಿದ ಅಂಗಿ ಹತ್ತು ವರ್ಷಕ್ಕೆ ಏಕೆ ಹಿಡಿಸುವುದಿಲ್ಲ ಎಂಬುದಕ್ಕೆ ಇಷ್ಟು ಉತ್ತರ ಸಾಕು. ಇಳಿಸುವುದೂ ಹಾಗೆಯೇ, ನೂರು ಇನ್ನೂರರಲ್ಲಿ ಇಳಿಸಬೇಕು. ತಿಂಗಳಲ್ಲಿ ಹತ್ತು ಕಿಲೋ ಇಳಿಸುವ ಪುಡಿ, ಬೆವರು ಬರಿಸುವ ಪಟ್ಟಿ ಇವುಗಳನ್ನು ಮಾರುವವರು ನಿಮ್ಮ ಕಿಸೆಯ ತೂಕವನ್ನು ಮಾತ್ರ ಇಳಿಸುತ್ತಾರೆ. ಒಂದು ತಾಸು ಚುರುಕಾಗಿ ನಡೆದರೆ ಇನ್ನೂರರಿಂದ ಮುನ್ನೂರು ಕ್ಯಾಲರಿ ಕರಗುತ್ತದೆ, ಹಣ ಬೇಡ.

ತೂಕದ ಮಿತಿ ತಿಳಿಯುವುದು ಹೇಗೆ? ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ ನಮ್ಮ ದೇಶದವರಿಗೆ 23ರೊಳಗೆ ಇರಬೇಕು. 25 ಮುಟ್ಟಿದರೆ ಬೊಜ್ಜು. ಐದೂವರೆ ಅಡಿಯವನು ಅರವತ್ತನಾಲ್ಕರ ಹತ್ತಿರ ನಿಲ್ಲಬೇಕು, ಎಪ್ಪತ್ತು ಮೀರಕೂಡದು. ಐದಡಿಯ ತಾಯಿಗೆ ಐವತ್ತಮೂರು ಒಳ್ಳೆಯದು, ಐವತ್ತೆಂಟು ಮೀರಕೂಡದು. ಈ ಗುಣಾಕಾರ ಬಾರದವರಿಗೆ ಸೊಂಟದ ಅಳತೆ ಸಾಕು: ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರ್. ಅದೂ ಬೇಡವೆಂದರೆ ನಮ್ಮ ಹಿರಿಯರು ಹುಟ್ಟಿದ ಮಗುವಿಗೇ ಕಟ್ಟುವ ಉಡದಾರವಿದೆ. ಅದು ಬಿಗಿಯಾದಾಗ ನಾವೇನು ಮಾಡುತ್ತೇವೆ? ಗಂಟು ಸಡಿಲಿಸುತ್ತೇವೆ! ಅದು ಕೊಟ್ಟ ಎಚ್ಚರಿಕೆಯನ್ನು ಸಡಿಲಿಸಿದಂತೆಯೇ ಅದು.

ಚರಕ ಮಹರ್ಷಿಗಳು ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಅತಿಸ್ಥೂಲ, ಅತಿಕೃಶ ಇಬ್ಬರನ್ನೂ ಕುರಿತು ವಿಸ್ತಾರವಾಗಿ ವಿಚಾರಿಸಿದ್ದಾರೆ. ಸ್ಥೌಲ್ಯಕ್ಕೆ ಅವರು ಕೊಟ್ಟ ಕಾರಣಗಳನ್ನು ಕೇಳಿದರೆ ನಿನ್ನೆ ಬರೆದಂತಿವೆ: ಅತಿಯಾದ ಊಟ, ಸಿಹಿ ಜಿಡ್ಡುಗಳ ಅತಿಸೇವನೆ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ರೆ. ಇಷ್ಟನ್ನು ಯಾರಾದರೂ ಹೇಳಿಯಾರು. ಆದರೆ ಅವರು ಬೀಜಸ್ವಭಾವವನ್ನೂ, ಅಂದರೆ ತಂದೆತಾಯಿಗಳಿಂದ ಬಂದದ್ದನ್ನೂ ಕಾರಣಗಳಲ್ಲಿ ಸೇರಿಸಿದರು. ಇದನ್ನು ನಾವು ಒತ್ತಿ ಹೇಳುತ್ತೇವೆ. ದಪ್ಪನಾದವರೆಲ್ಲರೂ ಸೋಮಾರಿಗಳಲ್ಲ, ಆಸೆಬುರುಕರಲ್ಲ. ಶರೀರಪ್ರಕೃತಿಯಿಂದ, ಗ್ರಂಥಿಗಳ ದೋಷದಿಂದ, ಔಷಧಗಳಿಂದಲೂ ತೂಕ ಏರುವುದುಂಟು. ಶಾಲೆಯ ಮಗುವನ್ನು 'ಡುಮ್ಮ' ಎಂದು ಕೂಗಿ ನಗುವುದು, ಸೊಸೆಯ ಮೈಕಟ್ಟನ್ನು ನಾಲ್ಕು ಜನರ ಮುಂದೆ ಆಡಿಕೊಳ್ಳುವುದು, ಇವು ಆರೋಗ್ಯದ ಕಾಳಜಿಯಲ್ಲ, ಹಿಂಸೆ. ಇನ್ನು ಚರಕರು ಸ್ಥೂಲರಿಗೆ ಹೇಳಿದ ಆಹಾರದ ತತ್ತ್ವವೂ ವಿಚಾರಾರ್ಹ: ಹೊಟ್ಟೆಯಲ್ಲಿ ಗುರುವಾಗಿ ನಿಲ್ಲಬೇಕು, ಆದರೆ ಮೈ ಬೆಳೆಸಬಾರದು. ಹೊಟ್ಟೆ ತುಂಬಿಸಿ ಕ್ಯಾಲರಿ ಕಡಿಮೆ ಕೊಡುವ ಸೊಪ್ಪು, ಕಾಯಿಪಲ್ಯ, ಸವತೆಕಾಯಿ, ಮಜ್ಜಿಗೆಗಳ ತತ್ತ್ವ ಇದೇ ಅಲ್ಲವೇ? ವಾಗ್ಭಟರು ಹೊಟ್ಟೆಯ ಎರಡು ಪಾಲು ಅನ್ನಕ್ಕೆ, ಒಂದು ಪಾಲು ನೀರಿಗೆ, ಉಳಿದೊಂದು ಪಾಲು ಗಾಳಿಗೆ ಎಂದು ಹಂಚಿದರು. ನಾವು ಗಾಳಿಯ ಪಾಲನ್ನು ಜಿಲೇಬಿಗೆ ಕೊಟ್ಟಿದ್ದೇವೆ.

ಇಷ್ಟು ಹೇಳಿದ ನಾವು ಈಗ ಮಾತಿನ ದಿಕ್ಕನ್ನು ತುಸು ಬದಲಿಸಬೇಕಾಗಿದೆ. ಕಡಿಮೆ ತಿನ್ನಿರಿ ಎಂಬ ಬೋಧೆ ಎಲ್ಲರಿಗೂ ಸಲ್ಲದು. ರಾಜ್ಯದಲ್ಲಿ ಮಕ್ಕಳ ಬೆಳವಣಿಗೆ ಅತಿಹೆಚ್ಚು ಕುಂಠಿತವಾಗಿರುವ ಜಿಲ್ಲೆಗಳಲ್ಲಿ ನಮ್ಮ ಯಾದಗಿರಿಯೂ ಒಂದು. ಒಂದೇ ಮನೆಯಲ್ಲಿ ತಂದೆಗೆ ಬೊಜ್ಜು, ಮಗಳಿಗೆ ರಕ್ತಹೀನತೆ, ಮೊಮ್ಮಗುವಿಗೆ ತೂಕವಿಲ್ಲ. ಇದು ಅಪರೂಪದ ಸಂಗತಿಯಲ್ಲ. 'ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ' ಎಂಬ ಗಾದೆಯನ್ನು ನಮ್ಮ ಸ್ವಾಮಿಗಳೆಲ್ಲ ಹೇಳುತ್ತಾರೆ. ಕುಳಿತವನಿಗೆ ಅದು ಸರಿ. ಬಿಸಿಲಲ್ಲಿ ಹತ್ತಿ ಬಿಡಿಸುವ ತಾಯಿಗೆ, ಬೆಳೆಯುವ ಮಗುವಿಗೆ, ಬಸುರಿಗೆ, ಬಾಣಂತಿಗೆ ಆ ಗಾದೆಯನ್ನು ಹೇಳುವವನು ಕಟುಕ. ಅವರು ಮೂರು ಹೊತ್ತೂ ಉಣ್ಣಬೇಕು. ಕಾಳು, ಹಾಲು, ಸೊಪ್ಪು ಅವರ ಎಡೆಗೆ ಮೊದಲು ಬೀಳಬೇಕು. ಅತಿಯಾಗಿ ಉಣ್ಣುವವನಿಗೂ ಯೋಗವಿಲ್ಲ, ಉಣ್ಣದಿರುವವನಿಗೂ ಇಲ್ಲವೆಂದು ಗೀತೆಯ ಆರನೆಯ ಅಧ್ಯಾಯ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಟ್ಟಿತು. ನಿಮ್ಮ ಮನೆಯಲ್ಲಿ ಯಾರ ಎಡೆ ಇಳಿಯಬೇಕು, ಯಾರದು ಏರಬೇಕು ಎಂಬುದನ್ನು ವಿಂಗಡಿಸುವುದೇ ವಿವೇಕ. ಗಂಡನು ಬಿಟ್ಟ ಒಂದು ಚಮಚೆ ತುಪ್ಪ ಮೊಮ್ಮಗುವಿನ ಅನ್ನಕ್ಕೆ ಬಿದ್ದರೆ ಆ ಮನೆಯ ಲೆಕ್ಕ ಸರಿಹೋಯಿತು.

ಮನೆಯ ತಾಯಿಯದ್ದು ಮತ್ತೊಂದು ಕಥೆ. ಎಲ್ಲರೂ ಉಂಡ ಮೇಲೆ ಆಕೆ ಕೂಡುತ್ತಾಳೆ. ಪಲ್ಯ ಮುಗಿದಿರುತ್ತದೆ, ಅನ್ನ ಉಳಿದಿರುತ್ತದೆ. ಅನ್ನವನ್ನು ಕೆಡಿಸಬಾರದೆಂಬ ಭಯಭಕ್ತಿಯಿಂದ ಹಸಿವಿಲ್ಲದಿದ್ದರೂ ಅದನ್ನೆಲ್ಲ ತಾನೇ ಉಣ್ಣುತ್ತಾಳೆ. ಮಕ್ಕಳು ಬಿಟ್ಟದ್ದನ್ನೂ ಬಳಿದು ತಿನ್ನುತ್ತಾಳೆ. ಕಾಯಿಪಲ್ಯವಿಲ್ಲದ ಬರೀ ಅನ್ನ, ಅಳತೆ ಮೀರಿ; ಹೀಗೆ ಆಕೆಗೆ ರಕ್ತಹೀನತೆಯೂ ಬೊಜ್ಜೂ ಕೂಡಿಯೇ ಬರುತ್ತವೆ. ತಾಯೇ, ನಿನ್ನ ಹೊಟ್ಟೆ ಮನೆಯ ಬಾನಿಯಲ್ಲ. ಉಳಿದದ್ದನ್ನು ದನಕ್ಕೆ ಹಾಕು, ಅದೂ ಶಿವನಿಗೇ ಮುಟ್ಟುತ್ತದೆ. ಅದಕ್ಕಿಂತ ಮೊದಲು ಅಕ್ಕಿ ಅಳೆಯುವಾಗಲೇ ಒಂದು ಹಿಡಿ ಕಡಿಮೆ ಅಳೆ. ಮತ್ತು ಎಲ್ಲರ ಜೊತೆಗೇ ಕುಳಿತು ಉಣ್ಣು. ಇದು ಗಂಡಸರಿಗೂ ಹೇಳಿದ ಮಾತು.

ಶ್ರಾವಣ ಸೋಮವಾರದ ಉಪವಾಸವೂ ಈ ವಿಷಯದೊಳಗೆ ಬರುತ್ತದೆ. ಉಪವಾಸವೆಂದರೆ ಸಮೀಪದಲ್ಲಿ ವಾಸಿಸುವುದು, ಶಿವಸನ್ನಿಧಿಯಲ್ಲಿರುವುದು. ಈಗ ಸಾಬುದಾಣಿಯ ಸನ್ನಿಧಿಯಲ್ಲಿರುವುದಾಗಿದೆ. ಸಾಬುದಾಣಿ ಎಂದರೆ ಬಹುತೇಕ ಬರೀ ಗಂಜಿಸತ್ತ್ವ. ಅದಕ್ಕೆ ಶೇಂಗಾಪುಡಿ, ಆಲೂಗಡ್ಡೆ, ಮೇಲೆ ತುಪ್ಪ, ಬಳಿಕ ಬಾಳೆಹಣ್ಣು, ಹಾಲು. ಉಪವಾಸದ ದಿನದ ಕ್ಯಾಲರಿ ಊಟದ ದಿನದ್ದನ್ನು ಮೀರಿಸಿ ನಿಲ್ಲುತ್ತದೆ! ಇದಕ್ಕಿಂತ ಒಂದು ಹೊತ್ತು ರೊಟ್ಟಿ ಮಜ್ಜಿಗೆ ತೆಗೆದುಕೊಂಡು ಮತ್ತೊಂದು ಹೊತ್ತು ಬಿಡುವುದು ಒಳಿತು. ಸಕ್ಕರೆ ಕಾಯಿಲೆಗೆ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ನಿರಾಹಾರ ಮಾಡಕೂಡದು; ಸಕ್ಕರೆ ಇಳಿದು ತಲೆತಿರುಗಿ ಬೀಳುವುದು ಪ್ರಾಣಕ್ಕೇ ಕುತ್ತಾದೀತು. ಅಂಥವರು ಸೋಮವಾರ ಊಟ ಮಾಡಿದರೆ ವ್ರತಭಂಗವಾಯಿತೆಂದು ಕೊರಗುವುದು ಬೇಡ. ಪೀಠದಿಂದಲೇ ಈ ಮಾತನ್ನು ಹೇಳುತ್ತಿದ್ದೇವೆ.

ಕಳೆದ ವಾರ ದಾಸೋಹದ ಪಂಕ್ತಿಯಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ವಯಸ್ಸಾದ ಭಕ್ತರೊಬ್ಬರು ಎಲೆಯ ಮೇಲೆ ಕೈ ಅಡ್ಡ ಹಿಡಿದು, 'ಬ್ಯಾಡಪ, ನನಗ ಸಕ್ಕರಿ ಬ್ಯಾನಿ ಅದ' ಎಂದರು. ಬಡಿಸುವ ಹುಡುಗನು ಭಕ್ತಿಯ ಹುರುಪಿನಲ್ಲಿ, 'ಪ್ರಸಾದಕ್ಕ ಬ್ಯಾಡ ಅನಬಾರದು ಮುತ್ಯಾ, ಒಂದ ಹೋಳಗಿಗಿ ಏನ ಆಗತದ' ಎಂದು ಬೆರಳ ಸಂದಿಯಲ್ಲೇ ಎರಡು ಹಾಕಿ ಹೋದನು. ಅವರು ಬಿಡಲಾರದೆ ಎರಡನ್ನೂ ತಿಂದರು. ಸಂಜೆ ನಮ್ಮ ಬಳಿಗೆ ಬಂದು, 'ಅಪ್ಪಾರ, ಪ್ರಸಾದ ಬ್ಯಾಡ ಅಂದ್ರ ಪಾಪ ಬರತದೇನ್ರಿ?' ಎಂದು ಕೇಳಿದರು. ಅವರ ಕಾಲಿನಲ್ಲಿ ಮಾಯದ ಹುಣ್ಣೊಂದಿತ್ತು.

ಪಾಪ ಬರುವುದಿಲ್ಲ. ಎಲೆಗೆ ಬಿದ್ದದ್ದನ್ನು ಚೆಲ್ಲುವುದು ದೋಷ. ಬೀಳುವ ಮೊದಲು ಸಾಕೆನ್ನುವುದು ದೋಷವಲ್ಲ, ಅದು ಪ್ರಸಾದವನ್ನು ಕಾಯುವುದೇ ಆಗಿದೆ. ಪ್ರಸಾದತ್ವವಿರುವುದು ಭಾವದಲ್ಲಿ, ತೂಕದಲ್ಲಲ್ಲ. ಒಂದು ಅಗುಳು ಕಣ್ಣಿಗೊತ್ತಿ ಸ್ವೀಕರಿಸಿದರೂ ಅದು ಪೂರ್ಣಪ್ರಸಾದ. ತುಮಕೂರು ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಸಾವಿರಾರು ಮಕ್ಕಳಿಗೆ ನಿತ್ಯ ಅನ್ನವಿಕ್ಕಿದವರು. ತಾವು ಮಾತ್ರ ಮಿತಾಹಾರಿಗಳಾಗಿ ನೂರಾ ಹನ್ನೊಂದು ವರ್ಷ ಬಾಳಿ 2019ರಲ್ಲಿ ಲಿಂಗೈಕ್ಯರಾದರು. ಬಡಿಸುವ ಕೈ ದೊಡ್ಡದಿರಲಿ, ಉಣ್ಣುವ ಕೈ ಚಿಕ್ಕದಿರಲಿ ಎಂಬುದಕ್ಕೆ ಅವರಿಗಿಂತ ಬೇರೆ ನಿದರ್ಶನವೇಕೆ?

ನಮ್ಮ ಸೀಮೆಯದೇ ಉದಾಹರಣೆ ಬೇಕೆಂದರೆ ಲಿಂಗಸುಗೂರಿನ ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳನ್ನು ನೆನೆಯಿರಿ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಮಾರಯ್ಯಗಳು ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಸಂತೋಷಪಡಲಿಲ್ಲ. ನಮಗೆ ಎಂದಿನಷ್ಟೇ ಸಾಕು, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬಾರೆಂದು ಹಿಂದಕ್ಕೆ ಕಳಿಸಿದಳು. ಈ ಕಥೆಯನ್ನು ನಾವು ಸಾಮಾನ್ಯವಾಗಿ ಹಣದ ಆಸೆಗೆ ಅನ್ವಯಿಸಿ ಹೇಳುತ್ತೇವೆ. ಅದು ಅಕ್ಕಿಯ ಕಥೆಯೂ ಹೌದು. ಆ ತಾಯಿ ಅಕ್ಕಿಯನ್ನು ಬೇಡವೆನ್ನಲಿಲ್ಲ. ಎಷ್ಟು ಬೇಕೆಂಬುದು ಆಕೆಗೆ ಗೊತ್ತಿತ್ತು. ಮೇಲಾಗಿ, ಬಂದದ್ದು ಮನೆಯ ಹೊಸ್ತಿಲು ದಾಟುವ ಮೊದಲೇ ಆಕೆ ತಡೆದಳು.

ಆದುದರಿಂದ ಈ ಶ್ರಾವಣದ ಉಳಿದ ದಿನಗಳಿಗೆ ದಾಸೋಹದಲ್ಲಿ ನಾವು ಹೀಗೆ ಏರ್ಪಡಿಸಿದ್ದೇವೆ. ಮೊದಲು ರೊಟ್ಟಿ, ಪಲ್ಯ, ಹಸಿ ತರಕಾರಿ, ಬೇಳೆ, ಅನ್ನ ಆಮೇಲೆ. ಹೋಳಿಗೆ ಎಲೆಗೆ ಅರ್ಧ ಬೀಳುತ್ತದೆ. ಬೇಕೆಂದವರು ಕೇಳಿ ಹಾಕಿಸಿಕೊಳ್ಳಲಿ, ಸಂಕೋಚ ಬೇಡ. ದುಡಿದು ಬಂದವರಿಗೆ, ಮಕ್ಕಳಿಗೆ ಎಷ್ಟು ಸಲವಾದರೂ ಬಡಿಸತಕ್ಕದ್ದು. ಕೈ ಅಡ್ಡ ಹಿಡಿದವರ ಎಲೆಗೆ ಯಾರ ಒತ್ತಾಯವೂ ಕೂಡದು. ಬಡಿಸುವ ಹುಡುಗರು ಈ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಿರಿ. ಇಂದು ಪುಂಡಿ ಪಲ್ಯ, ಸಜ್ಜೆ ರೊಟ್ಟಿ ಮಾಡಿಸಿದ್ದಾರೆ. ಬಿಸಿ ಆರುವುದರೊಳಗೆ ಪಂಕ್ತಿಗೆ ನಡೆಯಿರಿ.